ಶ್ರೀಶೈಲಕ್ಕೆ ಎರಡು ದಾರಿ

ನಾನು ಮದುವೆಯಾಗಿ ಹುಕ್ಕೇರಿಯಿಂದ ಮೂಡಲಗಿಗೆ ಬಂದಾಗ ಆ ಮನೆಯಲ್ಲಿ ಅತ್ತೆ, ಅವರ ಒಬ್ಬನೇ ಮಗ ಅಂದರೆ ನನ್ನ ಗಂಡ, ಮತ್ತು ನಾನು, ಇಷ್ಟೇ ಜನ. ಗಂಡ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ರಜೆಗೆ ಊರಿಗೆ ಬಂದು ಹೋಗುತ್ತಿದ್ದರು. ಉಳಿದ ದಿನ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಆದರೆ ಅತ್ತೆ ಇಬ್ಬರಿಗೆಂದು ಹಿಟ್ಟು ನಾದಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಒಬ್ಬ ಗಂಡಸು ಹೊಟ್ಟೆ ತುಂಬ ಉಣ್ಣುವಷ್ಟು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದರು. ಸಂಜೆಯವರೆಗೆ ಬುಟ್ಟಿಯಲ್ಲಿ ಮುಚ್ಚಿಟ್ಟು, ಆಮೇಲೆ ಎಮ್ಮೆಯ ಮುಂದೆ ಇಡುತ್ತಿದ್ದರು. ಹೊಸ ಸೊಸೆ ನಾನು, ಕೇಳಲು ಬಾಯಿ ಬರಲಿಲ್ಲ.

ಮಾವನವರನ್ನು ನಾನು ನೋಡಿದವಳಲ್ಲ. ನಾನಿನ್ನೂ ಪರಕಾರ ಉಡುವ ವಯಸ್ಸಿನಲ್ಲಿದ್ದಾಗ ಅವರು ಮಲ್ಲಯ್ಯನ ಕಂಬಿಯ ಜೊತೆ ಶ್ರೀಶೈಲಕ್ಕೆ ನಡೆದು ಹೋಗಿದ್ದರು. ಸಿಂಗರಿಸಿ, ಗಂಟೆ ಕಟ್ಟಿ, ಹೆಗಲ ಮೇಲೆ ಹೊತ್ತು ನಡೆಯುವ ಬಿದಿರಿನ ಬೊಂಬಿಗೆ ನಮ್ಮ ಕಡೆ ಕಂಬಿ ಅನ್ನುತ್ತಾರೆ. ಶಿವರಾತ್ರಿ ಮುಗಿಸಿ ಹೊರಟರೆ ಯುಗಾದಿಗೆ ಮಲ್ಲಯ್ಯನ ಗುಡಿ ಮುಟ್ಟಬೇಕು. ಆ ವರ್ಷ ಹೋದವರೆಲ್ಲ ತಿರುಗಿ ಬಂದರು. ಮಾವ ಬರಲಿಲ್ಲ. ಸತ್ತರೆಂದು ಹೇಳಿದವರಿಲ್ಲ, ಹೆಣ ನೋಡಿದವರಿಲ್ಲ, ಮಣ್ಣು ಕೊಟ್ಟವರಿಲ್ಲ.

ಬಳೆಗಾರ ನಮ್ಮ ಓಣಿಗೆ ಬಂದಾಗ ನಮ್ಮ ಮನೆಯ ಮುಂದೆ ಒಂದು ಗಳಿಗೆ ತಡೆಯುತ್ತಿದ್ದ. ಒಳಗೆ ಬರಬೇಕೋ ಮುಂದೆ ಹೋಗಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ. ಅತ್ತೆಯೇ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಎರಡೂ ಕೈ ಚಾಚುತ್ತಿದ್ದರು.

"ಹಸರು ಬಳಿ ಇಡಪಾ. ಯಾಕ ನೋಡ್ತಿ?"

ಅವನು ತಲೆ ತಗ್ಗಿಸಿ ಬಳೆ ಏರಿಸುತ್ತಿದ್ದ. ನೆರೆಮನೆಯ ಹೆಂಗಸರು ಬಾಗಿಲ ಮರೆಯಿಂದ ನೋಡುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಸೋಬಾನೆ ಹಾಡಲಿಕ್ಕೆ ಅತ್ತೆಯನ್ನು ಯಾರೂ ಕರೆಯುತ್ತಿರಲಿಲ್ಲ. ಹಾಗೆಂದು ಗಂಡ ಸತ್ತವರ ಸಾಲಿನಲ್ಲೂ ಕೂರಿಸುತ್ತಿರಲಿಲ್ಲ. ಊರು ಅವರನ್ನು ಎಲ್ಲಿಯೂ ಇಡಲಾರದೆ ಹಾಗೆಯೇ ಬಿಟ್ಟಿತ್ತು.

ನಮ್ಮ ಮನೆಯಲ್ಲಿ ಹೆದರಿಕೆಯಾಗುವ ಹೊತ್ತೆಂದರೆ ಮಧ್ಯಾಹ್ನ. ಜನರೆಲ್ಲ ಹೊಲದಲ್ಲಿ, ಓಣಿಯಲ್ಲಿ ನಾಯಿಯೂ ಬೊಗಳದ ಹೊತ್ತು. ಅತ್ತೆ ಜೋಳ ಹಸನು ಮಾಡುತ್ತ ಕೂತವರು ಒಮ್ಮೆಲೆ ಕೈ ನಿಲ್ಲಿಸಿ ಬಾಗಿಲ ಕಡೆ ಕತ್ತು ಹೊರಳಿಸುತ್ತಿದ್ದರು. ನಾನೂ ಹೊರಳುತ್ತಿದ್ದೆ. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. "ಯಾರರೀ ಅತ್ತಿ?" ಎಂದರೆ, "ಯಾರಿಲ್ಲವಾ, ನಿನ್ನ ಕೆಲಸ ನೋಡು" ಅನ್ನುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಅವರಿಗಿಂತ ಮೊದಲು ನನ್ನ ಕತ್ತೇ ಹೊರಳುವಂತಾಯಿತು. ಏನು ಕೇಳಿ ಹೊರಳಿದೆ ಎಂದು ನನ್ನನ್ನು ಕೇಳಿದ್ದರೆ ಹೇಳಲು ನನಗೆ ಬರುತ್ತಿರಲಿಲ್ಲ.

ಮಾವ ಕಾಣೆಯಾದ ಕತೆ ನನಗೆ ಗೊತ್ತಾದದ್ದು ತುಣುಕು ತುಣುಕಾಗಿ. ಮೂಡಲಗಿಯಿಂದ ಮಹಾಲಿಂಗಪುರ, ಮುಧೋಳ, ಬಾಗಲಕೋಟೆ, ಕೂಡಲಸಂಗಮ, ಲಿಂಗಸುಗೂರು, ರಾಯಚೂರು. ಅಲ್ಲಿಯವರೆಗೆ ಎಲ್ಲರಿಗೂ ಒಂದೇ ದಾರಿ. ರಾಯಚೂರು ದಾಟಿದ ಮೇಲೆ ದಾರಿ ಎರಡಾಗುತ್ತಿತ್ತು. ಕಂಬಿ ಹೋಗುತ್ತಿದ್ದದ್ದು ತುಂಗಭದ್ರೆ ದಾಟಿ ಕರ್ನೂಲಿನ ಮೇಲೆ. ಆತ್ಮಕೂರು, ನಾಗಲೂಟಿ, ಆಮೇಲೆ ಭೀಮನಕೊಳ್ಳದಲ್ಲಿ ಇಳಿದು ಕಲ್ಲಿನ ಮೆಟ್ಟಿಲು ಹತ್ತಿದರೆ ಕೈಲಾಸದ ಬಾಗಿಲು. ಇದಕ್ಕೆ ಕರ್ನೂಲ ದಾರಿ ಅನ್ನುತ್ತಿದ್ದರು. ಇನ್ನೊಂದು ಹೊಳಿ ದಾರಿ. ಕೃಷ್ಣೆಯನ್ನು ಉತ್ತರಕ್ಕೆ ದಾಟಿ, ಮೊಗಲಾಯಿಯ, ಅಂದರೆ ನಿಜಾಮನ ಸೀಮೆಯ, ಕಾಡಿನಲ್ಲಿ ನಡೆದು, ಕೊನೆಗೆ ಪಾತಾಳಗಂಗೆಯಲ್ಲಿ ಹರಿಗೋಲು ಹತ್ತಿ ಮತ್ತೆ ಅದೇ ಕೃಷ್ಣೆಯನ್ನು ಈ ಕಡೆ ದಾಟುವ ದಾರಿ. ಆ ವರ್ಷ ಕರ್ನೂಲಿನ ಕಡೆ ವಾಂತಿಭೇದಿ ಬೇನೆ ಎದ್ದಿದೆಯೆಂಬ ಸುದ್ದಿ ರಾಯಚೂರಿನಲ್ಲಿ ಹಬ್ಬಿತು. ಕಂಬಿ ತನ್ನ ದಾರಿ ಬಿಡುವ ಹಾಗಿಲ್ಲ. ಹೆದರಿದ ಕೆಲವರು ಹೊಳಿ ದಾರಿ ಹಿಡಿದರು. ಬೆಳಗಿನ ಗಡಿಬಿಡಿಯಲ್ಲಿ ಗುಂಪು ಎರಡಾಯಿತು.

ಎರಡೂ ಗುಂಪು ಮಲ್ಲಯ್ಯನ ಗುಡಿಯ ಮುಂದೆ ಕೂಡಿದಾಗ ಇವರು ಅವರನ್ನು ಕೇಳಿದರು, "ಎಲ್ಲಿ ಅಂವಾ? ನಿಮ್ಮ ಜೋಡಿ ಇಲ್ಲೇನು?" ಅವರು ಇವರನ್ನು ಕೇಳಿದರು, "ನಿಮ್ಮ ಜೋಡಿ ಇದ್ದಾನಂತ ತಿಳಿದಿದ್ವಲ್ಲ?"

ಕಂಬಿ ಹೊರುತ್ತಿದ್ದ ಮೂಡಲಗಿಯ ಒಬ್ಬ ಹಿರಿಯರು ಮಾತ್ರ ಗಟ್ಟಿಯಾಗಿ ಹೇಳಿದ್ದರು: ಸೋಮವಾರ ಮಧ್ಯಾಹ್ನ ನಾಗಲೂಟಿಯಲ್ಲಿ ಕಂಬಿ ಇಳಿಸಿ ಪೂಜೆ ಮಾಡಿದಾಗ ಅವನು ನನ್ನ ಎದುರಿಗಿದ್ದ. ಕಾಲಿನ ಹೆಬ್ಬೆರಳು ಒಡೆದು ರಕ್ತ ಬರುತ್ತಿತ್ತು. ನನ್ನ ರುಮಾಲಿನ ಅಂಚಿನ ಹಸಿರು ದಡಿ ಹರಿದು ನಾನೇ ಕಟ್ಟಿದೆ. ಆಮೇಲೆ ಕಾಣಲಿಲ್ಲ.

ಅತ್ತೆ ಇದನ್ನು ನನಗೆ ಎಷ್ಟೋ ಸಲ ಹೇಳಿದ್ದರು. ಹೇಳುವಾಗ ತಮ್ಮ ಕಾಲಿನ ಹೆಬ್ಬೆರಳನ್ನು ಎರಡು ಬೆರಳಿನಿಂದ ಹಿಡಿದುಕೊಳ್ಳುತ್ತಿದ್ದರು.

ನಾನು ಬಂದ ಕೆಲವು ವರ್ಷಕ್ಕೆ, ಒಂದು ದೀಪಾವಳಿಯ ನಂತರ, ಅತ್ತೆ ರೊಟ್ಟಿ ಬಡಿಯುತ್ತ ಹೇಳಿದರು: "ಬರೂ ಶಿವರಾತ್ರಿಗೆ ನಾನೂ ಕಂಬಿ ಜೋಡಿ ಹೊಕ್ಕೇನಿ. ನೀನೂ ಬಾ. ಮೊಣಕಾಲು ಇನ್ನೊಂದು ವರ್ಷ ತಾಳತಾವು. ಆಮ್ಯಾಗ ಇಲ್ಲ."

ಅವತ್ತಿನಿಂದ ನಮ್ಮ ಮನೆಯಲ್ಲಿ ದಾರಿಯ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಯಾವ ದಾರಿಯಿಂದ ಹೋಗುವುದು? ಕಂಬಿ ಕರ್ನೂಲಿನ ಮೇಲೆ ಹೋಗುತ್ತದೆ ಎಂದ ಮೇಲೆ ಕೇಳುವುದೇನಿದೆ ಎಂದು ನನಗನ್ನಿಸುತ್ತಿತ್ತು. ಅತ್ತೆಗೆ ಹಾಗಿರಲಿಲ್ಲ. ಓಣಿಯಲ್ಲಿ ಯಾರೇ ದೂರದವರು ಬರಲಿ, ಜಂಗಮರು, ಕಂಬಳಿ ಮಾರುವವರು, ಕುರಿ ಹೊಡೆದುಕೊಂಡು ಮೂಡಣ ಸೀಮೆಗೆ ಹೋಗಿಬಂದ ಕುರುಬರು, ಅವರನ್ನು ಕರೆದು ಕಟ್ಟೆಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು ಕೇಳುವರು. ಕರ್ನೂಲ ದಾರಿಯಲ್ಲಿ ನೆರಳು ಎಲ್ಲಿಯವರೆಗೆ? ಹೊಳಿ ದಾರಿಯಲ್ಲಿ ನೀರು ಎಲ್ಲಿ ತಪ್ಪುತ್ತದೆ? ಮೊಗಲಾಯಿ ನಾಕಾದಲ್ಲಿ ಹೆಂಗಸರನ್ನು ತಡೆಯುತ್ತಾರೋ? ಅನ್ನ ನೀಡುವ ಮಠ ಯಾವ ದಾರಿಯಲ್ಲಿ ಹೆಚ್ಚು? ಕೇಳಿದ್ದನ್ನೆಲ್ಲ ಆಮೇಲೆ ನನ್ನ ಮುಂದೆ ತೂಗಿ ನೋಡುವರು. ಕರ್ನೂಲ ದಾರಿಯಲ್ಲಿ ಜನ ಹೆಚ್ಚು, ಅನ್ನ ಹೆಚ್ಚು, ಬೇನೆಯ ಹೆದರಿಕೆಯೂ ಹೆಚ್ಚು. ಕೊನೆಗೆ ಭೀಮನಕೊಳ್ಳದ ಏರು. ಹೊಳಿ ದಾರಿ ತಂಪು, ಆದರೆ ಊರಿಲ್ಲ, ಹುಲಿಯ ಮಾತು ಕೇಳಿಬರುತ್ತದೆ, ಕೊನೆಗೆ ಹರಿಗೋಲು.

"ಹೆಬ್ಬೆರಳು ಒಡದಾಂವ ಆ ಏರು ಹತ್ತತಾನೇನು?" ಎಂದು ಒಬ್ಬ ಕುರುಬರ ಮುದುಕನನ್ನು ಕೇಳಿದರು.

"ಯಾರಬೆ ಅಂವಾ?" ಎಂದ ಮುದುಕ.

ಅತ್ತೆ ಮುಂದಿನದನ್ನು ಕೇಳಿದರು. "ಸಣ್ಣವಿದ್ದಾಗ ಘಟಪ್ರಭಾದಾಗ ತೇಲಿ ಹೋಗಿದ್ದಾಂವ, ನೀರಂದ್ರ ಅಂಜಾಂವ, ಹರಿಗೋಲ ಹತ್ತತಾನೇನು?"

ಆಗ ನನಗೆ ತಿಳಿಯಿತು. ಅತ್ತೆ ತಮ್ಮ ಪಯಣಕ್ಕಾಗಿ ದಾರಿ ಹುಡುಕುತ್ತಿರಲಿಲ್ಲ. ಮಾವನ ಕಾಲಿನಿಂದ ಎರಡೂ ದಾರಿ ನಡೆದು ನೋಡುತ್ತಿದ್ದರು. ನಾಗಲೂಟಿಯಲ್ಲಿ ಕಂಡ ಮನುಷ್ಯನನ್ನು ಹೊಳಿ ದಾರಿಯಲ್ಲಿ ಯಾಕೆ ಹುಡುಕಬೇಕು? ಮುದುಕ ಹೋದ ಮೇಲೆ ಧೈರ್ಯ ಮಾಡಿ ಅದನ್ನೇ ಕೇಳಿದೆ.

ಅತ್ತೆ ಮಜ್ಜಿಗೆಯ ತಂಬಿಗೆ ತೊಳೆದಿಟ್ಟರು. "ನಿನಗ ಹೇಳಬೇಕು ಅಂತ ಮಾಡಿದ್ನಿ" ಎಂದರು. "ರುಮಾಲಿನ ದಡಿ ಕಟ್ಟಿದ ಹಿರ್ಯಾ ಹಾಸಿಗಿ ಹಿಡದಾಗ ನನ್ನ ಕರಿಸಿದ್ದ. ಯವ್ವಾ, ನಾ ಕಂಡದ್ದು ಖರೆ, ಆದರ ಹುಕ್ಕೇರಿಯಾಂವ ಕಂಡದ್ದೂ ಖರೆ, ಅವನ್ನ ಕೇಳು, ಅಂದು ಕಣ್ಣ ಮುಚ್ಚಿದ."

"ಹುಕ್ಕೇರಿಯಾಂವ ಯಾರ್ರಿ?"

"ನಿಮ್ಮಪ್ಪ."

ನನ್ನ ಅಪ್ಪ ಒಮ್ಮೆ ಶ್ರೀಶೈಲಕ್ಕೆ ಹೋಗಿಬಂದದ್ದು ನನಗೆ ಗೊತ್ತಿತ್ತು. ಅದೇ ವರ್ಷ, ಅದೇ ಗುಂಪಿನ ಜೊತೆ, ಹೊಳಿ ದಾರಿಯಿಂದ ಎಂಬುದು ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ಯಾತ್ರೆಯ ಮಾತು ಯಾರೂ ಎತ್ತುತ್ತಿರಲಿಲ್ಲ. ಹುಕ್ಕೇರಿಯ ಸಂತೆಯಲ್ಲಿ ಜೋಳದ ವ್ಯಾಪಾರ ಮಾಡುವ, ಬಾಯಿ ತುಂಬ ಮಾತಾಡುವ ಅಪ್ಪ ಅದೊಂದು ವಿಷಯಕ್ಕೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು.

"ಹಂಗಾದರ ನನ್ನ ತಂದದ್ದು..." ಎಂದೆ.

"ಹೌದು" ಎಂದರು ಅತ್ತೆ. "ಆ ಮನಿ ಹೆಣ್ಣು ತಂದರ ಒಂದಿಲ್ಲೊಂದು ದಿನ ಕೇಳಾಕ ಬರತೈತಿ ಅಂತ ತಂದ್ನಿ. ತಂದ ಮ್ಯಾಲ ಕೇಳಾಕ ಅಂಜಿಕಿ ಬಂತು. ಕೇಳಿದರ ಮುಗದ ಹೋಗತೈತಲ್ಲವಾ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಮನೆಯಲ್ಲಿ ನನ್ನ ಕತ್ತು ಬಾಗಿಲ ಕಡೆ ಯಾಕೆ ಹೊರಳುತ್ತಿತ್ತೆಂದು ತಿಳಿದಂತಾಯಿತು.

ಸಂಕ್ರಾಂತಿಗೆ ಗಾಡಿ ಕಟ್ಟಿಸಿಕೊಂಡು ಇಬ್ಬರೂ ಹುಕ್ಕೇರಿಗೆ ಹೊರಟೆವು. ದಾರಿಯಲ್ಲಿ ಫಾಲ್ಸಿನಲ್ಲಿ ಗಂಡನ ಖೋಲಿಯಲ್ಲಿ ಇಳಿದೆವು. ಗಿರಣಿಯ ಭೋಂಗಾ ಕೂಗಿದ ಮೇಲೆ ಗಂಡ ಮೈಗೆಲ್ಲ ಹತ್ತಿಯ ಧೂಳು ಹಚ್ಚಿಕೊಂಡು ಬಂದರು. ತಾಯಿಯ ಯೋಚನೆ ಕೇಳಿ ತಲೆಯ ಮೇಲೆ ಕೈ ಹೊತ್ತರು.

"ಯವ್ವಾ, ಈಗ ಯಾರು ನಡೀತಾರ? ಗೋಕಾಕ ರೋಡ ಸ್ಟೇಶನ್ನಿನ್ಯಾಗ ರೈಲ ಹತ್ತು. ಹುಬ್ಬಳ್ಳಿ, ಗುಂತಕಲ್ಲ, ನಂದ್ಯಾಲ. ಅಲ್ಲಿಂದ ಕಾಡಿನ ದಾರಿ ಅಷ್ಟ ನಡದರ ಆತು. ನಾನ ಕರಕೊಂಡ ಹೊಕ್ಕೇನಿ."

"ರೈಲಿನ್ಯಾಗ ಕುಂತರ ನಿಮ್ಮಪ್ಪ ಕಾಣತಾನೇನು?"

ಗಂಡ ತಾಯಿಯ ಮುಖವನ್ನೇ ನೋಡಿದರು. ಅಷ್ಟು ವರ್ಷದಲ್ಲಿ ತಾಯಿ ಮಗ ಈ ಮಾತು ಬಾಯಿಬಿಟ್ಟು ಆಡಿರಲಿಲ್ಲವಂತೆ. ಅವರು ಗೋಡೆಗೆ ಒರಗಿ ಕೂತು, "ಕಾಣೂದಿಲ್ಲವಾ" ಎಂದರು ಮೆಲ್ಲಗೆ. "ಎಲ್ಲಿ ನಡದರೂ ಕಾಣೂದಿಲ್ಲ."

ಅತ್ತೆ ಮಗನ ತಲೆಯ ಮೇಲಿನ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತ ಕೂತರು.

ಹುಕ್ಕೇರಿಯಲ್ಲಿ ಅಪ್ಪ ಬೀಗತಿ ಬಂದರೆಂದು ಸಂಭ್ರಮಪಟ್ಟರು. ಊಟ ಆಯಿತು, ಎಲೆ ಅಡಿಕೆ ಆಯಿತು. ಪಡಸಾಲೆಯಲ್ಲಿ ಅಪ್ಪ, ಅತ್ತೆ, ನಾನು ಕೂತಿದ್ದೆವು. ಅತ್ತೆ ಸುತ್ತುಬಳಸದೆ ಕೇಳಿದರು.

"ಬೀಗರ, ಶ್ರೀಶೈಲಕ್ಕ ಹೋಗೂದ ಮಾಡೇನಿ. ಕರ್ನೂಲ ದಾರಿ ಚಲೋನೋ, ಹೊಳಿ ದಾರಿ ಚಲೋನೋ?"

"ಕರ್ನೂಲ ದಾರಿ ಹಿಡೀರಿ ಅಕ್ಕಾರ. ಹೊಳಿ ದಾರಿ ಬ್ಯಾಡ್ರಿ."

"ಯಾಕ್ರಿ?"

"ನೀರಿಲ್ರಿ. ಊರಿಲ್ರಿ. ಹೆಣ್ಣುಮಕ್ಕಳ ದಾರಿ ಅಲ್ಲರಿ ಅದು."

"ನೀರೈತೆಂತ ಕುರುಬರು ಹೇಳ್ಯಾರ. ಖರೆ ಹೇಳ್ರಿ ಬೀಗರ. ರುಮಾಲಿನ ಹಿರ್ಯಾ ಸಾಯುವಾಗ ನಿಮ್ಮನ್ನ ಕೇಳು ಅಂತ ಹೇಳಿ ಸತ್ತಾನ."

ಅಪ್ಪ ಏಳಲು ಹೋದರು. ನಾನು ಅವರ ಧೋತರದ ಅಂಚು ಹಿಡಿದೆ. ಮಗಳಾಗಿ ಹಾಗೆ ನಾನು ಎಂದೂ ಮಾಡಿದವಳಲ್ಲ. ಅಪ್ಪ ನನ್ನ ಕೈ ನೋಡಿ, ಮತ್ತೆ ಕೂತರು. ಬಹಳ ಹೊತ್ತು ಎಲೆಯ ತೊಟ್ಟು ಮುರಿಯುತ್ತ ಕೂತಿದ್ದರು.

"ಸೋಮವಾರರಿ ಅವತ್ತು" ಎಂದರು. "ಮಟಮಟ ಮಧ್ಯಾಹ್ನ. ಕಾಡಿನ್ಯಾಗ ಒಂದ ಸಣ್ಣ ಕೆರಿ, ದಂಡಿ ಮ್ಯಾಲ ಇಪ್ಪಿ ಗಿಡ. ನಾವೆಲ್ಲಾ ಬುತ್ತಿ ಬಿಚ್ಚಿದ್ವಿ. ನನ್ನ ಬಾಜೂಕ ನಿಮ್ಮ ಮನಿಯವರು ಬಂದು ಕುಂತ್ರು. ನಾ ಏನೂ ವಿಚಾರ ಮಾಡಲಿಲ್ಲ, ಹಿಂದ ಉಳದಿದ್ರು, ಈಗ ಕೂಡಿಕೊಂಡ್ರು ಅಂತ ತಿಳದ್ನಿ. ರೊಟ್ಟಿ ಮುರದು ಕೊಟ್ನಿ. ತಿಂದ್ರು. ಇನ್ನ ಎಷ್ಟ ದೂರೈತಿ ಅಂತ ಕೇಳಿದ್ರು. ನಾ ಕೆರಿಗೆ ನೀರ ಕುಡಿಯಾಕ ಹೋಗಿ ಬರೂದ್ರಾಗ ಇರಲಿಲ್ಲ."

ಅಪ್ಪ ಕೈಯಲ್ಲಿದ್ದ ತೊಟ್ಟು ಕೆಳಗಿಟ್ಟರು.

"ಗುಡಿ ಮುಂದ ಹಿರ್ಯಾ, ಸೋಮವಾರ ಮಧ್ಯಾಹ್ನ ನಾಗಲೂಟ್ಯಾಗ ನನ್ನ ಮುಂದಿದ್ದಾ ಅಂದಾಗ ನನ್ನ ಬಾಯಿ ಕಟ್ಟಿತು. ನಡುವ ಹೊಳಿ ಐತ್ರಿ. ಎರಡೂ ಕಡೆ ಕಾಡು. ಹಕ್ಕಿ ಆಗಿ ಹಾರಿದರೂ ಅಷ್ಟರಾಗ ಬರಾಕ ಆಗೂದಿಲ್ಲ. ನಾ ನೋಡಿದ್ದ ಸುಳ್ಳಿರಬೇಕು ಅಂತ ಹಿರ್ಯಾನ್ನ ಬಾಜೂಕ ಕರದು ಹೇಳಿದ್ನಿ."

"ಸುಳ್ಳ ಯಾಕ ಆಗಬೇಕ್ರಿ? ಬಿಸಲಾಗ ಯಾರನ್ನರ ನೋಡಿ ಅವರಂತ ತಿಳದಿರಬೇಕು" ಎಂದರು ಅತ್ತೆ. ಧ್ವನಿ ಗಟ್ಟಿಯಾಗಿತ್ತು. ಕೈ ಮಾತ್ರ ಹೆಬ್ಬೆರಳನ್ನು ಹಿಡಿದುಕೊಂಡಿತ್ತು.

"ಹಂಗ ತಿಳಕೊಂಡಿದ್ದರ ಚಲೋ ಇತ್ರಿ ಅಕ್ಕಾರ." ಅಪ್ಪ ತಲೆ ಎತ್ತಲಿಲ್ಲ. "ಅವರ ಬಲಗಾಲ ಹೆಬ್ಬೆರಳಿಗೆ ಅರಿವಿ ಕಟ್ಟಿತ್ತು. ಹಸರು ದಡಿ. ರಕ್ತ ಇನ್ನೂ ಹಸೀನ ಇತ್ತು. ಗುಡಿ ಮುಂದ ನೋಡಿದರ ಹಿರ್ಯಾನ ರುಮಾಲಿಗೆ ಒಂದ ಕಡೆ ದಡೀನ ಇರಲಿಲ್ಲ."

ಹೊರಗೆ ಸಂತೆಯಿಂದ ತಿರುಗುವವರ ಗಾಡಿಗಳು ಹೋಗುತ್ತಿದ್ದವು. ಅತ್ತೆ ಎದ್ದು ಒಳಗೆ ಹೋಗಿ, ನನ್ನ ತಾಯಿಯ ಅಡುಗೆಮನೆಯಲ್ಲಿ ನೀರು ಕುಡಿದು ಬಂದು, ನಿಂತುಕೊಂಡೇ ಹೇಳಿದರು: "ಹಂಗಾದರ ಒಂದ ದಾರೀಲೆ ಹೋಗೂದು, ಇನ್ನೊಂದ ದಾರೀಲೆ ಬರೂದು. ಬ್ಯಾರೆ ಮಾತಿಲ್ಲ."

ಅಪ್ಪ ಬೇಡವೆಂದರು. ಗಂಡ ಬೇಡವೆಂದರು. ಕಂಬಿಯ ಮುಂದೆ ನಡೆಯುವ ಅಯ್ಯನವರೂ, ಹೊಳಿ ದಾರಿಯಲ್ಲಿ ಜೊತೆ ಸಿಗುವುದು ಕಷ್ಟ ಎಂದರು. ಅತ್ತೆ ಯಾರ ಮಾತಿಗೂ ಎದುರಾಡದೆ ರೊಟ್ಟಿ ಒಣಗಿಸಿದರು, ಚಟ್ನಿ ಪುಡಿ ಕುಟ್ಟಿದರು, ನನ್ನ ಕಾಲಿಗೆ ಚಮ್ಮಾರನಿಂದ ಮೆತ್ತನೆಯ ಕೆರ ಮಾಡಿಸಿದರು. ಶಿವರಾತ್ರಿ ಮುಗಿದ ಮೇಲೆ ಹೊರಟೆವು.

ಹೋಗುವಾಗ ಕಂಬಿಯ ಜೊತೆ ಕರ್ನೂಲ ದಾರಿ. ದಣಿವು, ಧೂಳು, ಬಿಸಿಲು, ಜನರ ಗದ್ದಲ. ನಾಗಲೂಟಿಯಲ್ಲಿ ಕಂಬಿ ಇಳಿಸಿದಾಗ ಅತ್ತೆ ಕಲ್ಲುಗಳ ನಡುವೆ ಒಬ್ಬರೇ ಓಡಾಡಿ ಬಂದರು. "ಇಲ್ಲಿ ಏನೂ ಇಲ್ಲವಾ" ಎಂದರು. ಭೀಮನಕೊಳ್ಳದ ಏರನ್ನು ನನಗಿಂತ ಚುರುಕಾಗಿ ಹತ್ತಿದರು. ಯುಗಾದಿಗೆ ಮಲ್ಲಯ್ಯನ ತಲೆ ಮುಟ್ಟಿ ಕೈಮುಗಿದೆವು. ಅತ್ತೆ ಏನು ಬೇಡಿಕೊಂಡರೋ ತಿಳಿಯದು.

ತಿರುಗಿ ಬರುವಾಗ ಮೊಗಲಾಯಿಯ ಕಡೆಗೆ ಹೊರಟಿದ್ದ ಒಂದು ಕುಟುಂಬದ ಜೊತೆ ಸಿಕ್ಕಿತು. ಹರಿಗೋಲಿನಲ್ಲಿ ಹೊಳೆ ದಾಟಿ ಕಾಡು ಹೊಕ್ಕೆವು. ಆ ಕಾಡು ಅಪ್ಪ ಹೇಳಿದ ಹಾಗೇ ಇತ್ತು, ಊರಿಲ್ಲ, ಜನರಿಲ್ಲ. ಇಪ್ಪೆ ಹೂವಿನ ಸಿಹಿ ವಾಸನೆ ಉಸಿರು ಕಟ್ಟಿಸುತ್ತಿತ್ತು. ಮರುದಿನ ನೆತ್ತಿಯ ಮೇಲೆ ಬಿಸಿಲು ಬಂದಾಗ ಆ ಕೆರೆ ಸಿಕ್ಕಿತು. ನೋಡಿದ ಕೂಡಲೆ ಇದೇ ಎಂದು ನನಗೆ ಗೊತ್ತಾಯಿತು. ಅತ್ತೆಗೂ ಗೊತ್ತಾಯಿತು. ಜೊತೆಯವರು ದೂರದ ನೆರಳಿನಲ್ಲಿ ಮಲಗಿದರು. ಅತ್ತೆ ಗಿಡದ ಬುಡದಲ್ಲಿ ಕೂತು ಬುತ್ತಿ ಬಿಚ್ಚಿದರು.

"ನೀ ನೀರ ತುಂಬಕೊಂಡ ಬಾರವಾ" ಎಂದರು.

ನಾನು ತಂಬಿಗೆ ಹಿಡಿದು ಕೆರೆಗೆ ಇಳಿದೆ. ನೀರು ಕೆಳಗೆ ಸರಿದಿತ್ತು, ಕೆಸರು ದಾಟಿ ಹೋಗಬೇಕಾಯಿತು. ತಿರುಗಿ ಏರಿ ಬರುವಾಗ ಅತ್ತೆಯ ಮಾತು ಕೇಳಿಸಿತು. ನನ್ನನ್ನು ಕರೆಯುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಅವರ ಬೆನ್ನು ನನ್ನ ಕಡೆಗಿತ್ತು. ಮನೆಯಲ್ಲಿ ಮಗ ಬಂದಾಗ ಆಡುವ ಹಾಗೆ, ಸಣ್ಣ ದನಿಯಲ್ಲಿ, ಅವಸರವಿಲ್ಲದೆ ಮಾತಾಡುತ್ತಿದ್ದರು. ಒಂದು ಮಾತು ಆಡಿ ಸುಮ್ಮನಾಗುವರು. ತಲೆಯಾಡಿಸುವರು. ಮತ್ತೆ ಒಂದು ಮಾತು. ನನಗೆ ಕೇಳಿದ್ದು ಒಂದೇ ಧ್ವನಿ. ಆದರೆ ಆ ಸುಮ್ಮನಿರುವ ಹೊತ್ತು ಒಂದು ಸಲ ಉದ್ದ, ಒಂದು ಸಲ ಗಿಡ್ಡ. ಎದುರಿಗೆ ಕೂತವರು ಮಾತಾಡಿದರೆ ಹೇಗೋ ಹಾಗೆ.

ತುಂಬಿದ ತಂಬಿಗೆ ಹಿಡಿದು ಅಲ್ಲಿಯೇ ನಿಂತೆ. ಎಷ್ಟು ಹೊತ್ತು ನಿಂತೆನೋ. ಕೊನೆಗೆ ಅತ್ತೆ ಬುತ್ತಿಯ ಅರಿವೆ ಝಾಡಿಸಿ ಎದ್ದರು. ಹೊರಳಿ ನನ್ನನ್ನು ನೋಡಿದರು. ಮುಖದಲ್ಲಿ ಅಳುವಿರಲಿಲ್ಲ, ಹೆದರಿಕೆಯಿರಲಿಲ್ಲ.

"ನಡಿ" ಎಂದರು. "ಹೊತ್ತಾತು."

ಬುತ್ತಿಯಲ್ಲಿ ನನ್ನ ಪಾಲಿನ ರೊಟ್ಟಿ ಇತ್ತು. ಉಳಿದದ್ದು ಇರಲಿಲ್ಲ. ಅತ್ತೆ ಅಷ್ಟು ಉಣ್ಣುವವರಲ್ಲ.

ಕೂಡಲಸಂಗಮದಲ್ಲಿ ಹೊಳೆಗೆ ಇಳಿದು ಅತ್ತೆ ತಾವೇ ಬಳೆ ಒಡೆದುಕೊಂಡರು. ಕಲ್ಲಿನ ಮೇಲೆ ಮೆಲ್ಲಗೆ, ಒಂದು ಚೂರೂ ಕೈಗೆ ತಾಗದ ಹಾಗೆ. ತಾಳಿ ಬಿಚ್ಚಿ ನೀರಿಗೆ ಬಿಟ್ಟರು. ಮೂಡಲಗಿಗೆ ಬಂದ ಮೇಲೆ ಜಂಗಮರನ್ನು ಕರೆಸಿ ಮಾಡಬೇಕಾದದ್ದನ್ನೆಲ್ಲ ಮಾಡಿಸಿದರು. ಗಂಡ ಅವತ್ತು ಮೊದಲ ಸಲ ತಂದೆಗಾಗಿ ಅತ್ತರು, ಚಿಕ್ಕ ಹುಡುಗನ ಹಾಗೆ, ಎಲ್ಲರೆದುರಿಗೆ. ಅತ್ತೆ ಅವರ ಬೆನ್ನು ಸವರುತ್ತ, "ಅಳಪಾ, ಈಗ ಅತ್ತರ ನಡೀತೈತಿ" ಎಂದರು.

ಅದಕ್ಕೆಂದು ಹುಕ್ಕೇರಿಯಿಂದ ಅಪ್ಪ ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, ತಡೆಯಲಾರದೆ ಕೇಳಿದರು: "ಅಕ್ಕಾರ, ಕೆರಿ ದಂಡ್ಯಾಗ ಏನರ..."

"ಯಾವ ದಾರೀಲೆ ಬಂದಿ ಅಂತ ಕೇಳಿದ್ರು" ಎಂದರು ಅತ್ತೆ. "ಎರಡೂ ದಾರಿ ನಡದ ಬಂದೇನಿ ಅಂದ್ನಿ."

ಅಪ್ಪ ಕೈಮುಗಿದು ಗಾಡಿ ಹತ್ತಿದರು. ಅತ್ತೆ ಆಮೇಲೆ ಅನೇಕ ವರ್ಷ ಬದುಕಿದರು. ಇಬ್ಬರಿಗೆಂದರೆ ಇಬ್ಬರಿಗೇ ರೊಟ್ಟಿ ಬಡಿದರು. ಆ ಕೆರೆಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಅತ್ತೆ ತೀರಿಕೊಂಡ ಮೇಲೆ, ಎರಡೂ ದಾರಿ ನಡೆದವಳೆಂದು ಓಣಿಯ ಜನ ನನ್ನ ಹತ್ತಿರ ಬರತೊಡಗಿದರು. ಶಿವರಾತ್ರಿ ಹತ್ತಿರ ಬಂದರೆ ಕಟ್ಟೆಯ ಮೇಲೆ ಯಾರಾದರೂ ಕೂತಿರುತ್ತಾರೆ. ನೆರಳು ಎಲ್ಲಿ, ನೀರು ಎಲ್ಲಿ, ಯಾವ ಮಠದಲ್ಲಿ ಊಟ ಹೊತ್ತಿಗೆ ಸಿಗುತ್ತದೆ, ನಾಕಾದವರು ಏನು ಕೇಳುತ್ತಾರೆ, ಎಲ್ಲ ಹೇಳುತ್ತೇನೆ. ಹೊಳಿ ದಾರಿ ಹಿಡಿಯುವವರಿಗೆ ಮಾತ್ರ ಇನ್ನೊಂದು ಮಾತು ಹೇಳುತ್ತೇನೆ: ಕಾಡಿನಲ್ಲಿ ಇಪ್ಪೆ ಗಿಡವಿರುವ ಸಣ್ಣ ಕೆರೆ ಸಿಗುತ್ತದೆ, ಅಲ್ಲಿ ನೀರು ತುಂಬಿಕೊಳ್ಳಿ, ಊಟಕ್ಕೆ ಮುಂದಿನ ನೆರಳಿಗೆ ಹೋಗಿ. ಅವರು ಯಾಕೆಂದು ಕೇಳುತ್ತಾರೆ. ಅಲ್ಲಿ ಇರುವೆ ಬಹಳ ಅನ್ನುತ್ತೇನೆ.